ಬಿಟ್ಟ ಸಾಲು

"ಇನ್ನೊಂದ್ಸಲ ಓದೋ," ಎಂದಳು ಅಮ್ಮ. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅವಳಿಗೆ ಪತ್ರಿಕೆ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಅವತ್ತು ಓದಿದ್ದು ನಾನೇ ಬರೆದ ಪ್ರಕಟಣೆ. ಬರೆದದ್ದನ್ನು ಎರಡೆರಡು ಸಲ ಕೇಳುವವರು ಸಿಕ್ಕರೆ ಯಾರು ತಾನೇ ಉಬ್ಬುವುದಿಲ್ಲ? ಗಂಟಲು ಸರಿಮಾಡಿಕೊಂಡು ಓದಿದೆ: "ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಈ ತಿಂಗಳು ನಲವತ್ತು ಜನರಿಗೆ ಉಚಿತ ಪೊರೆ ಶಸ್ತ್ರಚಿಕಿತ್ಸೆ. ಎಲ್ಲರೂ ಅದೇ ದಿನ ಮನೆಗೆ."

ಪ್ರಚಾರ ಇಲಾಖೆಯಲ್ಲಿ ನನ್ನನ್ನು 'ಕತ್ತರಿ' ಎನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಬರೆದವನಲ್ಲ ನಾನು. ಬಂದ ವರದಿಯಲ್ಲಿ ಬೇಡದ ಸಾಲಿನ ಮೇಲೆ ಕೆಂಪು ಪೆನ್ಸಿಲ್ ಎಳೆಯುತ್ತೇನೆ, ಅಷ್ಟೆ. ಉಳಿದದ್ದೆಲ್ಲ ಅಪ್ಪಟ ಸತ್ಯ. ಸತ್ಯವಂತನಾಗಿ ಬಾಳಲು ಇದಕ್ಕಿಂತ ಸುಲಭದ ದಾರಿಯಿಲ್ಲ ಎಂದು ಕ್ಯಾಂಟೀನಿನಲ್ಲಿ ಕೊಚ್ಚಿಕೊಂಡದ್ದೂ ಉಂಟು. ಆಸ್ಪತ್ರೆಯ ವರದಿಯಲ್ಲಿ ಮೂರು ಸಾಲಿತ್ತು, ಎರಡನ್ನು ಉಳಿಸಿದ್ದೆ. ಮೇಲಧಿಕಾರಿ ಬೆನ್ನು ತಟ್ಟಿದ್ದರು.

"ಸರಿ, ನಾಳೆ ನಾನೂ ಹೋಗ್ತೀನಿ," ಎಂದಳು ಅಮ್ಮ. "ಇಷ್ಟು ದಿನ ಹೆದರ್ಕೊಂಡಿದ್ದೆ. ನೀನೇ ಬರೆದಿದ್ದೀಯಲ್ಲ, ಇನ್ನೇನು ಭಯ? ಎದುರುಮನೆ ಟೈಲರೂ ಪೇಪರ್ ನೋಡಿ ಹೆಸರು ಕೊಟ್ಟಿದ್ದಾರಂತೆ. ಜೊತೆಯಾಯ್ತು."

ನಾನು ಪತ್ರಿಕೆ ಮಡಚಿಟ್ಟೆ. "ಅಮ್ಮಾ, ಆ ಆಸ್ಪತ್ರೆ ಬೇಡ."

"ಯಾಕೋ? ನಲವತ್ತು ಜನಕ್ಕೆ ಮಾಡಿದ್ದು ಸುಳ್ಳಾ?"

"ನಿಜ."

"ಅದೇ ದಿನ ಮನೆಗೆ ಹೋಗಿದ್ದು?"

"ಅದೂ ನಿಜ. ಎರಡು ದಿನ ಬಿಟ್ಟು ಒಂಬತ್ತು ಜನ ಕಣ್ಣಲ್ಲಿ ಕೀವು ತುಂಬ್ಕೊಂಡು ವಾಪಸ್ ಬಂದ್ರು. ಅವರಿಗೆಲ್ಲ ಆ ಕಣ್ಣು ಹೋಯ್ತು."

ಅಮ್ಮ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಕೂತಳು. ಅವಳಿಗೆ ನನ್ನ ಮುಖ ಕಾಣದಿರುವುದೇ ಪುಣ್ಯ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ನಂಗೆ ಕಣ್ಣು ಕಾಣಲ್ಲ ಅಂತ ಸಾಲು ಬಿಟ್ಟು ಓದಿದ್ಯೇನೋ?"

"ಇಲ್ಲಮ್ಮಾ. ಕಣ್ಣು ಕಾಣೋರಿಗೂ ಬಿಟ್ಟೇ ಬರೆದಿದ್ದೆ."

ಅಮ್ಮ ಎದ್ದು, ಕಾಲಿನಿಂದಲೇ ತಡಕಿ ಚಪ್ಪಲಿ ಮೆಟ್ಟಿದಳು.

"ನಡಿ, ಟೈಲರ್ ಮನೆಗೆ. ನೀನು ಕೈ ಹಿಡ್ಕೊಂಡು ರಸ್ತೆ ದಾಟಿಸು, ಸಾಕು. ವಿಷಯ ನಾನೇ ಹೇಳ್ತೀನಿ. ನೀನು ಹೇಳಿದ್ರೆ ಮತ್ತೆ ಒಂದು ಸಾಲು ಬಿಟ್ಬಿಡ್ತೀಯ."