ಕುರ್ಚಿಗೆ ಪ್ರವೇಶವಿಲ್ಲ

‘ಎಲ್ಲ ದೇಹಗಳಿಗೂ ಯೋಗ’ ಎಂದು ಬಾಗಿಲ ಮೇಲೆ ದೊಡ್ಡದಾಗಿ ಬೋರ್ಡು ಹಾಕಿದ್ದರು. ಅದನ್ನು ನಂಬಿ ದಪ್ಪ ಮೈಯ ಹೆಂಗಸೊಬ್ಬಳು ತನ್ನ ಮಂಡಿನೋವಿನ ಜೊತೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಹೊತ್ತುಕೊಂಡು ಬಂದಳು.

ಗುರೂಜಿ ಆಗಲೇ ವೇದಿಕೆಯ ಮೇಲೆ ಪದ್ಮಾಸನದಲ್ಲಿದ್ದರು. ಶಿಷ್ಯರು ಬರುವ ಮೊದಲೇ ಕೂತು, ಎಲ್ಲರೂ ಹೋದ ಮೇಲೂ ಧ್ಯಾನದಲ್ಲೇ ಇರುವುದು ಅವರ ನಿಯಮ. ಅದೇ ಅವರ ಮಹಿಮೆ ಎಂದು ಶಿಷ್ಯರು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು.

“ಏನಮ್ಮಾ ಅದು?”

“ಕುರ್ಚಿ, ಗುರೂಜಿ. ನೆಲದ ಮೇಲೆ ಕೂತ್ರೆ ಏಳಕ್ಕಾಗಲ್ಲ ನಂಗೆ. ಬೋರ್ಡಲ್ಲಿ ಎಲ್ಲ ದೇಹಕ್ಕೂ ಅಂತ ಇತ್ತಲ್ಲಾ…”

“ದೇಹಕ್ಕೆ ಅಂತ ಇದೆ, ಕುರ್ಚಿಗೆ ಅಂತ ಇಲ್ಲ. ಕುರ್ಚಿ ಮೇಲೇ ಕೂರಬೇಕು ಅಂದ್ರೆ ಮದುವೆ ಛತ್ರಕ್ಕೆ ಹೋಗಿ.”

ಶಿಷ್ಯರೆಲ್ಲ ಗೊಳ್ಳೆಂದು ನಕ್ಕರು. ಆಕೆ ಕುರ್ಚಿಯನ್ನು ಬಾಗಿಲಾಚೆ ಇಟ್ಟು, ಗೋಡೆ ಹಿಡಿದು ಹೇಗೋ ನೆಲಕ್ಕಿಳಿದಳು.

ತರಗತಿ ಮುಗಿಯಿತು. ಎಲ್ಲರೂ ಗುರೂಜಿಗೆ ಅಡ್ಡಬಿದ್ದು ಹೊರಟರು. ಆಕೆ ಮಾತ್ರ ಆ ಮಗ್ಗುಲು ಈ ಮಗ್ಗುಲು ಹೊರಳಿ, ಕಿಟಕಿಯ ಸರಳು ಹಿಡಿದು ಏದುಸಿರು ಬಿಡುತ್ತ ಎದ್ದು ನಿಲ್ಲುವಾಗ ಹಾಲ್ ಖಾಲಿಯಾಗಿತ್ತು. ಬಾಗಿಲಾಚೆಯ ಕುರ್ಚಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಗುರೂಜಿಯ ಸಣ್ಣ ದನಿ ಕೇಳಿತು.

“ಎಲ್ಲಾ ಹೋದ್ರಾ ಅಮ್ಮಾ?”

“ಹೂಂ, ಹೋದ್ರು.”

“ಬಾಗಿಲು ಮುಂದೆ ಮಾಡಿ, ಆ ಕುರ್ಚಿ ಸ್ವಲ್ಪ ಇತ್ತ ತನ್ನಿ. ದಿನಾ ನನ್ನ ಎಬ್ಬಿಸೋದು ನಮ್ಮನೆಯವಳು. ಇವತ್ತು ಅವಳು ಮದುವೆ ಛತ್ರಕ್ಕೆ ಹೋಗಿದಾಳೆ.”