ಗ್ರೀಸ್ ಕಾಗದದ ಬೈಂಡು

ಗ್ರೀಸಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತೇನೆ.

ಬಹರೈನಿನ ಹೂರಾದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ, ಬಿಡಿಭಾಗ ಸುತ್ತಿ ಬಂದ, ಗ್ರೀಸ್ ಮೆತ್ತಿದ ಕಂದು ಕಾಗದದಿಂದಲೇ ನನ್ನ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಆ ವಾರ ಹಾಕಿದ್ದು ಇಟಲಿಯ ಶಾಲಾಮಕ್ಕಳ ಹಳೆಯ ಕಾದಂಬರಿಯೊಂದಕ್ಕೆ. ಅದರಲ್ಲೊಬ್ಬ ಸಿರಿವಂತ, ಕೂಲಿಯವನನ್ನು ಹೀಯಾಳಿಸಿದ ತನ್ನ ಮಗನಿಂದಲೇ ಕ್ಷಮೆ ಕೇಳಿಸಿ, ಕೂಲಿಯವನ ಕೈ ಕುಲುಕುತ್ತಾನೆ. ಒಂದೇ ದೇಶದವರಲ್ಲಿ ಮೇಲುಕೀಳಿಲ್ಲ ಎನ್ನುತ್ತಿತ್ತು ಆ ಪುಸ್ತಕ. ನಾನು ನಂಬಿದೆ.

ಅಪ್ಪನ ಧಣಿಗಳೂ ನಮ್ಮ ಉಡುಪಿ ಕಡೆಯವರೇ. ನನ್ನ ಕ್ಲಾಸಿನಲ್ಲಿದ್ದ ಅವರ ಮಗ ಅಪ್ಪನ ಕಪ್ಪು ಉಗುರುಗಳನ್ನು ಆಡಿಕೊಂಡಾಗ, ಆ ಕಥೆಯನ್ನೇ ವಿವರಿಸಿ ಧಣಿಗಳಿಗೊಂದು ಪತ್ರ ಬರೆದು ಅವರ ಡ್ರೈವರನ ಕೈಗೆ ಕೊಟ್ಟೆ. ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಅಮ್ಮನ ಕೈಯ ಸೌಟು ನಿಂತಿತು.

“ನಮ್ಮೆಲ್ಲರ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ ಉಂಟು. ಅವರು ಮನಸ್ಸು ಮಾಡಿದ್ರೆ ನಾಳೆಯೇ ನಮ್ಮನ್ನು ಊರಿಗೆ ಕಳಿಸ್ಬಹುದು. ನಿಂಗೆ ಗೊತ್ತುಂಟಾ?”

ಆಮೇಲೆ ಕೆಳಗೆ ಕಾರು ನಿಂತಾಗಲೆಲ್ಲ ಅಮ್ಮ, ನಾನು ಇಬ್ಬರೂ ಕಿಟಕಿಯಿಂದ ಇಣುಕಿದೆವು. ನಾಲ್ಕನೆಯ ಕಾರು ಅವರದೇ. ಮೆಟ್ಟಿಲಲ್ಲಿ ಇಬ್ಬರ ಹೆಜ್ಜೆ ಕೇಳಿಸಿತು. ಅಮ್ಮ ನನ್ನನ್ನು ಬೆನ್ನ ಹಿಂದೆ ಎಳೆದುಕೊಂಡರು.

ಬಾಗಿಲಲ್ಲಿ ಧಣಿಗಳು, ಅವರ ಹಿಂದೆ ಅಪ್ಪ. ಧಣಿಗಳು ನಗುತ್ತ ಅಪ್ಪನತ್ತ ತಿರುಗಿ ಕೈ ಚಾಚಿದರು. ಅಪ್ಪ ಗಡಿಬಿಡಿಯಿಂದ ತಮ್ಮ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಆದರೆ ಧಣಿಗಳು ಚಾಚಿದ್ದು ನನ್ನ ಪತ್ರವನ್ನು.

“ಮಗಳಿಗೆ ಸ್ವಲ್ಪ ಬುದ್ಧಿ ಹೇಳು,” ಎಂದು ಇಳಿದುಹೋದರು.

ಅಪ್ಪ ನಿಂತಲ್ಲೇ ಪತ್ರ ಓದಿದರು. ಬೈಯಲಿಲ್ಲ.

“ಪುಸ್ತಕದಲ್ಲಿ ಆ ಕೂಲಿಯವ ಕೊನೆಗೆ ಏನು ಹೇಳಿದ?”

“ಏನೂ ಹೇಳ್ಲಿಲ್ಲ, ಅಪ್ಪ.”

“ಹಾಗಾದ್ರೆ ಸರಿಯಾಗಿಯೇ ಬರ್ದಿದ್ದಾರೆ.”