ಬೀಗಿತ್ತಿಯ ಕುರ್ಚಿ

ಬೆನಿತಾ ಜಗಲಿಗೆ ಕಾಲಿಟ್ಟವಳೇ ತನಗೆಂದು ಹಾಕಿದ್ದ ಕುರ್ಚಿಯನ್ನು ಎತ್ತಿಕೊಂಡು, ಹಿಂಭಾಗದ ಗೋಡೆಯ ಹತ್ತಿರ ನಡೆದು, ತಟ್ಟೆ ಚಮಚ ಪೇರಿಸಿಟ್ಟಿದ್ದ ಸಣ್ಣ ಮೇಜಿನ ಮುಂದೆ ಅದನ್ನಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತಳು.

"ನನ್ನ ಊಟ ಇಲ್ಲಿಗೇ ಕೊಟ್ಬಿಡಿ," ಅಂದಳು.

ಆರ್ಕೋಸ್ ಊರಿನ ಬಂಡೆಯ ಅಂಚಿನಲ್ಲಿರುವ ಆ ಹೋಟೆಲು ಅನ್ಸೆಲ್ಮೊನದು. ಜಗಲಿಯ ಕಬ್ಬಿಣದ ಕಂಬಿಯಾಚೆ ನೆಲ ಅನ್ನುವುದೇ ಇಲ್ಲ. ಬಹಳ ಕೆಳಗೆ ಹೊಳೆ ಬಾಗಿ ಹರಿಯುತ್ತದೆ, ಅದರಾಚೆ ಆಲಿವ್ ತೋಟಗಳು. ಇದನ್ನು ನೋಡಲು ಜನ ಜರ್ಮನಿಯಿಂದ ಬರುತ್ತಾರೆ. ಬಂದ ಮೇಲೆ ಊಟವನ್ನೂ ಮಾಡುತ್ತಾರೆ, ವೈನನ್ನೂ ಕುಡಿಯುತ್ತಾರೆ. ಆ ಭಾನುವಾರ ಕಂಬಿಗೆ ತಾಗಿದ ಮೇಜನ್ನು ಅವನು ಯಾರಿಗೂ ಕೊಡದೆ ಬೀಗರಿಗೆಂದು ಇಟ್ಟುಕೊಂಡಿದ್ದ. ಮಗಳು ಅಸುಸೇನಾ ಕಾದಿಸ್ ಬಂದರಿನ ಹುಡುಗ ಗಾಸ್ಪರ್‌ನನ್ನು ಮೆಚ್ಚಿದ್ದಳು. ಮದುವೆಯ ನಂತರ ಹುಡುಗ ಇಲ್ಲಿಗೇ ಬಂದು ಹೋಟೆಲು ನೋಡಿಕೊಳ್ಳುವುದೆಂದು ಮಾತಾಗಿತ್ತು. ಅವನ ತಾಯಿ ಬೆನಿತಾ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ನೋಡಿ ಹೇಳುತ್ತೇನೆ ಎಂದಿದ್ದಳು. ಈಗ ನೋಡಲು ಬಂದವಳು ಹೀಗೆ ಕೂತಿದ್ದಳು.

"ಅಮ್ಮಾವ್ರೇ, ನೋಟ ಈ ಕಡೆ ಇದೆ," ಅಂದ ಅನ್ಸೆಲ್ಮೊ, ಅವಳ ಬೆನ್ನಿಗೆ.

"ಗೊತ್ತು. ಅಲ್ಲೇ ಇರ್ಲಿ."

"ಇಲ್ಲಿಂದ ನೋಡಿದ್ರೆ ಹಾರೋ ಗಿಡುಗದ ಬೆನ್ನು ಕಾಣುತ್ತೆ."

"ಅದರ ಹೊಟ್ಟೆ ನೋಡ್ಕೊಂಡೇ ಇಷ್ಟು ವರ್ಷ ಬದುಕಿದೀನಿ. ನಂಗೇನೂ ಕಮ್ಮಿ ಆಗಿಲ್ಲ."

"ಅಮ್ಮಂಗೆ ಪ್ರಯಾಣ ಮಾಡಿ ಸುಸ್ತಾಗಿದೆ," ಎಂದು ಗಾಸ್ಪರ್ ಮಧ್ಯೆ ಬಾಯಿ ಹಾಕಿದ.

"ಸುಸ್ತೇನಿಲ್ಲ. ಬಸ್ಸಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ," ಅಂದಳು ಬೆನಿತಾ.

ಅಸುಸೇನಾ ಸಣ್ಣ ಮೇಜಿನ ಮೇಲಿದ್ದ ತಟ್ಟೆಗಳನ್ನು ತೆಗೆದು ಜಾಗ ಮಾಡಿಕೊಟ್ಟಳು. ಪಾಲಕ್ ಹಾಕಿದ ಕಡಲೆಕಾಳು ಬಂತು, ಬೆಳ್ಳುಳ್ಳಿಯಲ್ಲಿ ಬೇಯಿಸಿದ ಮೊಲ ಬಂತು. ಬೆನಿತಾ ಗೋಡೆ ನೋಡುತ್ತಾ ಎಲ್ಲವನ್ನೂ ತಿಂದಳು. ಕಂಬಿಯ ಪಕ್ಕದ ಮೇಜಿನಲ್ಲಿ ಉಳಿದ ಮೂವರು ಬ್ರೆಡ್ಡು ಮುರಿಯುತ್ತಾ ಅವಳ ಜಡೆಗಂಟನ್ನು ನೋಡಿದರು. ಅನ್ಸೆಲ್ಮೊ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನಪ್ಪ ಕಟ್ಟಿಸಿದ ಜಗಲಿ ಅದು. ಗಂಡ ಹೆಂಡತಿ ಜಗಳವಾಡಿ ಬೇರೆಯಾಗಲೆಂದೇ ಬಂದವರು ಕೂಡ, ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ಸಲ ಕಣಿವೆ ನೋಡಿದ್ದರು. ಅವನು ಲೋಟ ಕೆಳಗಿಟ್ಟ.

"ನಮ್ಮನೆ ಕಡೆ ತಿರುಗಿ ನೋಡೋಕೂ ಇಷ್ಟ ಇಲ್ಲ ಅಂದ್ರೆ, ಈ ಸಂಬಂಧದ ಮಾತು ಇಲ್ಲಿಗೇ ಬಿಡೋಣ."

"ನಿಮ್ಮನೆ ಕಡೇನೇ ನೋಡ್ತಾ ಇದೀನಲ್ಲ," ಅಂದಳು ಬೆನಿತಾ. "ಗೋಡೆ ನಿಮ್ದೇ ತಾನೆ?"

ಅಸುಸೇನಾ ಎದ್ದು ನಿಂತಳು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕೂತಳು. ಬೆನಿತಾ ಬಾಯಿ ಒರೆಸಿಕೊಂಡು, ತಿರುಗದೆ, ಗೋಡೆಗೇ ಹೇಳುವವಳಂತೆ ಶುರುಮಾಡಿದಳು.

"ನಮ್ಮೆಜಮಾನ್ರು ದೊಡ್ಡ ಕಟ್ಟಡಗಳಿಗೆ ಕಿಟಕಿ ಗಾಜು ಕೂರಿಸ್ತಿದ್ರು. ಒಂದಿನ ನನ್ನನ್ನ ಮೇಲಿನ ಮಹಡಿಗೆ ಕರ್ಕೊಂಡು ಹೋಗಿ, ನೋಡು ಬೆನಿತಾ, ಸಮುದ್ರ ಪೂರ್ತಿ ಕಾಣುತ್ತೆ ಅಂದ್ರು. ಕಾಣ್ತಿತ್ತು. ಇಬ್ರೂ ಲಿಫ್ಟಲ್ಲಿ ಕೆಳಗೆ ಬಂದ್ವಿ. ಆಮೇಲಿನ ವಾರ ಅದೇ ಮಹಡಿಯಿಂದ ಅವರು ಲಿಫ್ಟಿಲ್ಲದೆ ಬಂದ್ರು."

"ಅಮ್ಮಾ, ಅದೆಲ್ಲ ಈಗ ಯಾಕೆ," ಅಂದ ಗಾಸ್ಪರ್, ಮೆಲ್ಲಗೆ.

"ಈಗಲೇ ಹೇಳ್ಬೇಕು. ಇಲ್ದಿದ್ರೆ ಇವರಿಗೆ ಕುರ್ಚಿ ವಿಷಯ ಅರ್ಥ ಆಗಲ್ಲ." ಅವಳು ಬಾಯಿ ಒರೆಸಿಕೊಂಡ ಬಟ್ಟೆಯನ್ನು ಮಡಚಿಟ್ಟಳು. "ನೀನು ಇಲ್ಲಿ ಸಂಸಾರ ಹೂಡಿದ್ರೆ ನಾನು ಇಲ್ಲಿಗೆ ಬರ್ತಾ ಇರ್ಬೇಕಾಗುತ್ತೆ. ಮೊಮ್ಮಕ್ಕಳಾದ್ರೆ ಇನ್ನೂ ಜಾಸ್ತಿ. ಒಂದು ಊಟ ಮುಗಿಸೋವರೆಗಾದ್ರೂ ಕೂರೋಕಾಗುತ್ತಾ ಅಂತ ನೋಡೋಕೆ ಬಂದೆ. ಬೇಡ ಅನ್ನೋಕೆ ಬಂದಿಲ್ಲ."

"ಆಗ್ತಾ ಇದ್ಯಾ ಅತ್ತೆ?" ಎಂದು ಅಸುಸೇನಾ ಕೇಳಿದಳು. ಅತ್ತೆ ಎಂದು ಕರೆದದ್ದು ಅದೇ ಮೊದಲು.

"ಮೊಲ ಚೆನ್ನಾಗಿದೆ. ಕಾಲು ನಡುಗ್ತಾ ಇದೆ."

ಅನ್ಸೆಲ್ಮೊ ಆಗ ನೋಡಿದ. ಮೇಜಿನ ಕೆಳಗೆ ಅವಳು ಎರಡೂ ಪಾದಗಳನ್ನು ಕುರ್ಚಿಯ ಕಾಲುಗಳಿಗೆ ಹೆಣೆದು, ಬಿಗಿಯಾಗಿ ಒತ್ತಿ ಹಿಡಿದಿದ್ದಳು. ಒಂದು ಬೂಟು ಕಳಚಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಿರಲಿಲ್ಲ.

ಅವನು ಒಳಗೆ ಹೋದ. ಗಿರಾಕಿಗಳಿಗೆ ಕೊಡದೆ ಮನೆಗೆಂದು ಇಟ್ಟುಕೊಂಡಿದ್ದ ಬಿಳಿ ವೈನಿನ ಬಾಟಲಿ ತಂದ. ಮಗಳು ಏನೋ ಕೇಳಲು ಹೊರಟಳು, ಅವನು ನಿಲ್ಲಲಿಲ್ಲ. ತನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬೆನಿತಾಳ ಪಕ್ಕದಲ್ಲಿಟ್ಟು, ಬಗ್ಗಿ ಬೂಟನ್ನು ಅವಳ ಪಾದದ ಹತ್ತಿರ ಸರಿಸಿ, ಕಣಿವೆಗೆ ಬೆನ್ನು ಹಾಕಿ ಕೂತ. ಎರಡು ಲೋಟ ತುಂಬಿದ. ಇಬ್ಬರೂ ಗೋಡೆ ನೋಡುತ್ತಾ ಕುಡಿದರು. ಹಿಂದುಗಡೆ ಪ್ರವಾಸಿಗಳು ಒಬ್ಬರ ಮೇಲೊಬ್ಬರು ಬಾಗಿ ಹೊಳೆಯ ಫೋಟೋ ತೆಗೆಯುತ್ತಿದ್ದರು.

ಗೋಡೆಯ ಮೇಲೆ ತೇವದ ಕಲೆ ಇತ್ತು. ಅದರ ಪಕ್ಕದಲ್ಲಿ ಒಂದು ತುಕ್ಕುಹಿಡಿದ ಮೊಳೆ.

"ಇದಕ್ಕೆ ಸುಣ್ಣ ಹೊಡೆಸಿ ಎಷ್ಟು ವರ್ಷ ಆಯ್ತು?" ಅಂದಳು ಬೆನಿತಾ.

"ಗೊತ್ತಿಲ್ಲ. ಇಲ್ಲಿವರೆಗೆ ಯಾರೂ ಈ ಕಡೆ ನೋಡಿರ್ಲಿಲ್ಲ."

ಬೆನಿತಾ ಖಾಲಿ ಲೋಟವನ್ನು ಅವನ ಮುಂದೆ ಸರಿಸಿದಳು.

"ಮದುವೆಗೆ ಮುಂಚೆ ಹೊಡೆಸಿ."